ಮಳೆಗಾಲದಲ್ಲಿ ಮೆಣಸಿನ ಬಳ್ಳಿ ಸೊರಗುವುದೇಕೆ? ಹಿತ್ತಲಿನ ಬಳ್ಳಿಗೆ ಆಸರೆ ಮತ್ತು ರಕ್ಷಣೆ

ಆಶ್ಲೇಷ ಮಳೆಯಲ್ಲಿ ಹಸಿರು ತುಂಬಿ ನಿಂತಿದ್ದ ಕಾಳುಮೆಣಸಿನ ಬಳ್ಳಿ ಗಣೇಶನ ಹಬ್ಬದ ಹೊತ್ತಿಗೆ ಎಲೆಯೆಲ್ಲ ಉದುರಿ, ಬರೀ ಕಡ್ಡಿಯಾಗಿ ಮರಕ್ಕೆ ಅಂಟಿಕೊಂಡಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಿತ್ತಲಿನಲ್ಲಿ ನಾಲ್ಕು ಬಳ್ಳಿ ಇಟ್ಟುಕೊಂಡವರಿಗೆ ಈ ನೋಟ ಹೊಸದಲ್ಲ. ಅಡಿಕೆಗೆ ಎಲೆಚುಕ್ಕೆ ರೋಗ ಹಬ್ಬಿದ ಮೇಲೆ ಮೆಣಸನ್ನು ನೆಚ್ಚಿಕೊಂಡವರು ಹಲವರು. ತೋಟವಿಲ್ಲದವರೂ ಅಂಗಳದಂಚಿನ ಹಲಸಿಗೋ ತೆಂಗಿಗೋ ಒಂದೆರಡು ಬಳ್ಳಿ ಹಬ್ಬಿಸುತ್ತಿದ್ದಾರೆ. ನರ್ಸರಿಯಿಂದ ಸಸಿ ತಂದು ನೆಡುವುದು ಸುಲಭ. ಅದನ್ನು ಹತ್ತಾರು ಮಳೆಗಾಲ ದಾಟಿಸುವುದು ಕಷ್ಟ.

ಬಳ್ಳಿಯನ್ನು ನೋಡುವಾಗ ನಮ್ಮ ಕಣ್ಣು ಮೇಲಕ್ಕೆ ಹೋಗುತ್ತದೆ: ಎಷ್ಟು ಎತ್ತರ ಏರಿದೆ, ಎಷ್ಟು ಕರೆ ಬಿಟ್ಟಿದೆ ಎಂದು. (ಕಾಳು ಕಟ್ಟುವ ಉದ್ದನೆಯ ಗೊಂಚಲಿಗೆ ನಮ್ಮಲ್ಲಿ ಕರೆ ಎನ್ನುತ್ತಾರೆ.) ಮಲೆನಾಡಿನಲ್ಲಿ ಬಳ್ಳಿ ಸಾಯುವುದು ಮಾತ್ರ ಹೆಚ್ಚಾಗಿ ಬುಡದಿಂದ. ಏಕೆ ಹೀಗೆ ಎಂಬುದು ಅರ್ಥವಾದರೆ, ಯಾವ ಕೆಲಸ ಯಾವಾಗ ಮಾಡಬೇಕು ಎನ್ನುವುದೂ ತಾನಾಗಿಯೇ ಹೊಳೆಯುತ್ತದೆ.

ಬಳ್ಳಿ ಮರವನ್ನು ಹಿಡಿಯುವ ಬಗೆ

ಕಾಳುಮೆಣಸು ಪಶ್ಚಿಮ ಘಟ್ಟದ ಕಾಡಿನದೇ ಬಳ್ಳಿ. ಎತ್ತರದ ಮರಗಳ ನೆರಳಿನಲ್ಲಿ, ದರಕು (ಉದುರಿದ ಒಣ ಎಲೆ) ಹಾಸಿದ ಸಡಿಲ ಮಣ್ಣಿನಲ್ಲಿ ಬೇರೂರಿ, ಬೆಳಕಿಗಾಗಿ ಮೇಲೇರುವುದು ಅದರ ಹುಟ್ಟುಗುಣ. ಒಂದೇ ಬಳ್ಳಿಯಲ್ಲಿ ಮೂರು ಬಗೆಯ ಕುಡಿಗಳಿರುತ್ತವೆ. ಮರವನ್ನು ತಬ್ಬಿ ನೇರವಾಗಿ ಮೇಲೇರುವುದು ಏರು ಬಳ್ಳಿ. ಅದರ ಗಿಣ್ಣುಗಳಿಂದ ಪಕ್ಕಕ್ಕೆ ಚಾಚಿಕೊಳ್ಳುವುದು ಫಸಲಿನ ರೆಂಬೆ. ಕರೆ ಬಿಡುವುದು ಇದರಲ್ಲಿ ಮಾತ್ರ. ಬುಡದಿಂದ ಹೊರಟು ನೆಲದ ಮೇಲೆ ಹರಿಯುವುದು ಹಬ್ಬು ಬಳ್ಳಿ. ಸಸಿ ಮಾಡಲು ಸಾಮಾನ್ಯವಾಗಿ ಬಳಸುವುದು ಈ ಹಬ್ಬು ಬಳ್ಳಿಯ ತುಂಡುಗಳನ್ನೇ.

ಏರು ಬಳ್ಳಿಯ ಪ್ರತಿ ಗಿಣ್ಣಿನಲ್ಲೂ ಸಣ್ಣ ಸಣ್ಣ ಬೇರುಗಳು ಮೂಡುತ್ತವೆ. ಇವು ಮರದಿಂದ ಆಹಾರ ಹೀರುವ ಬೇರುಗಳಲ್ಲ, ತೊಗಟೆಯನ್ನು ಕಚ್ಚಿ ಹಿಡಿಯಲಷ್ಟೇ ಇರುವಂಥವು. ಮೆಣಸಿನ ಬಳ್ಳಿ ಹಬ್ಬಿಸಿದರೆ ಮರ ಬಡವಾಗುತ್ತದೆ ಎಂದು ಹೆದರುವವರು ಅದನ್ನು ಬದನಿಕೆಯ ಸಾಲಿಗೆ ಸೇರಿಸುತ್ತಾರೆ. ಅದು ಸರಿಯಲ್ಲ. ಬದನಿಕೆ ಕೊಂಬೆಯೊಳಗೆ ಬೇರಿಳಿಸಿ ಮರದ ರಸ ಹೀರುತ್ತದೆ. ಮೆಣಸು ತನ್ನ ನೀರು ಗೊಬ್ಬರವನ್ನೆಲ್ಲ ನೆಲದಿಂದಲೇ ಪಡೆಯುತ್ತದೆ. ನೆಲದಡಿಯಲ್ಲಿ ಎರಡರ ಬೇರುಗಳ ನಡುವೆ ಪೈಪೋಟಿ ಇರುವುದು ನಿಜ. ಅದಕ್ಕೆ ಬಳ್ಳಿಗೆ ಪ್ರತ್ಯೇಕವಾಗಿ ಗೊಬ್ಬರ ಕೊಟ್ಟರಾಯಿತು.

ಗಿಣ್ಣಿನ ಬೇರು ಚೆನ್ನಾಗಿ ಹಿಡಿಯಬೇಕಾದರೆ ಗಿಣ್ಣು ತೊಗಟೆಗೆ ಒತ್ತಿಕೊಂಡಿರಬೇಕು, ಅಲ್ಲಿ ತೇವವಿರಬೇಕು. ಎಳೆ ಬಳ್ಳಿಯನ್ನು ಕಟ್ಟುವ ಕೆಲಸಕ್ಕೆ ಮಳೆಗಾಲವೇ ತಕ್ಕ ಸಮಯ ಎನ್ನುವುದು ಇದಕ್ಕಾಗಿ. ಕಟ್ಟಲು ಒಣಗಿದ ಬಾಳೆಪಟ್ಟೆಯ ಸೀಳು ಸಾಕು. ಬಳ್ಳಿ ತಾನೇ ಕಚ್ಚಿಕೊಳ್ಳುವ ವೇಳೆಗೆ ಅದು ಕೊಳೆತು ಬಿದ್ದುಹೋಗುತ್ತದೆ. ನೈಲಾನ್ ದಾರ ಕೊಳೆಯುವುದಿಲ್ಲ. ಬಳ್ಳಿ ದಪ್ಪವಾಗುತ್ತ ಹೋದಂತೆ ಅದರ ಕುತ್ತಿಗೆಯನ್ನೇ ಬಿಗಿಯುತ್ತದೆ. ಕಟ್ಟುವಾಗ ಗಿಣ್ಣಿನ ಹತ್ತಿರವೇ ಕಟ್ಟಬೇಕು, ಎರಡು ಗಿಣ್ಣುಗಳ ನಡುವೆ ಅಲ್ಲ. ಒಂದು ಗಿಣ್ಣು ಮರದಿಂದ ದೂರ ಸರಿದರೆ ಅದರ ಮೇಲಿನವೂ ಸರಿಯುತ್ತವೆ, ಮುಂದೊಂದು ದಿನ ಗಾಳಿ ಮಳೆಗೆ ಬಳ್ಳಿಯ ಇಡೀ ತಲೆ ಕಳಚಿ ಜೋತುಬೀಳುತ್ತದೆ.

ಆಸರೆಗೆ ಯಾವ ಮರ?

ಒರಟು ತೊಗಟೆ, ಉದುರದ ಸಿಪ್ಪೆ, ನೇರ ಕಾಂಡ, ಹದವಾದ ನೆರಳು: ಆಸರೆ ಮರದಲ್ಲಿ ನೋಡಬೇಕಾದ್ದು ಇಷ್ಟು. ಈಗಾಗಲೇ ಹಿತ್ತಲಿನಲ್ಲಿ ಹಲಸಿನ ಮರವಿದ್ದರೆ ಬೇರೆ ಹುಡುಕಬೇಕಿಲ್ಲ. ಮಾವೂ ಆಗುತ್ತದೆ, ಆದರೆ ಅದರ ನೆರಳು ದಟ್ಟ. ನೆರಳು ದಟ್ಟವಾದಷ್ಟೂ ಎಲೆ ಹೆಚ್ಚು, ಕರೆ ಕಡಿಮೆ. ಪಣಿಯೂರು-1 ತಳಿಗಂತೂ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಕೇರಳದ ಪಣಿಯೂರು ಸಂಶೋಧನಾ ಕೇಂದ್ರದ ಈ ಸಂಕರ ತಳಿ ಬೆಳಕಿರುವಲ್ಲಿ ಉದ್ದುದ್ದ ಕರೆ ಬಿಡುತ್ತದೆ, ಕತ್ತಲಿನಲ್ಲಿ ಸೋಲುತ್ತದೆ. ಹೊಸದಾಗಿ ಮರ ಬೆಳೆಸುವವರು ಸಿಲ್ವರ್ ಓಕ್ ನೆಡುತ್ತಾರೆ. ಆಸ್ಟ್ರೇಲಿಯಾ ಮೂಲದ ಈ ಮರ ನೆಟ್ಟಗೆ, ಬೇಗ ಬೆಳೆಯುತ್ತದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಮೆಣಸು ಏರಿರುವುದು ಬಹುಪಾಲು ಇದರ ಮೇಲೆಯೇ. ಆದರೆ ಬಳ್ಳಿಯ ಭಾರ ಹೊರುವಷ್ಟಾಗಲು ಸಸಿಗೆ ಎರಡು ಮೂರು ವರ್ಷ ಬೇಕು. ಅಷ್ಟು ಕಾಯಲಾಗದವರು ಹಾಲುವಾಣ ಅಥವಾ ಗ್ಲಿರಿಸಿಡಿಯಾದ ಬಲಿತ ಗೂಟವನ್ನು ಮಳೆಗೆ ಸ್ವಲ್ಪ ಮೊದಲು ಹುಗಿಯಬಹುದು. ಮೊದಲ ಮಳೆಗೆ ಅದು ಚಿಗುರುತ್ತದೆ.

ಅಡಿಕೆ ಮರಕ್ಕೆ ಬಿಡುವುದಾದರೆ ಏಳೆಂಟು ವರ್ಷ ದಾಟಿದ ಮರ ಬೇಕು. ಅಡಿಕೆ ಕೊನೆ (ಗೊನೆ) ತೆಗೆಯುವವರು ಮರ ಹತ್ತಲು ತೊಡಕಾಗದಷ್ಟು ಎತ್ತರಕ್ಕೆ ಬಳ್ಳಿಯನ್ನು ನಿಲ್ಲಿಸಿಕೊಳ್ಳಬೇಕು. ಒಣ ಮರದ ಗೂಟವನ್ನು ನಾನು ಯಾರಿಗೂ ಹೇಳುವುದಿಲ್ಲ. ಗೆದ್ದಲು ತಿಂದು, ಬಳ್ಳಿ ಫಸಲಿಗೆ ಬರುವ ಹೊತ್ತಿಗೆ ಸರಿಯಾಗಿ ಅದು ಉರುಳುತ್ತದೆ. ಸಿಮೆಂಟ್ ಕಂಬ ಉರುಳುವುದಿಲ್ಲ, ವಿಯೆಟ್ನಾಂನಲ್ಲಿ ಕಾಂಕ್ರೀಟ್ ಕಂಬಗಳ ಮೇಲೆ ಮೆಣಸು ಬೆಳೆಯುವುದುಂಟು. ಆದರೆ ಬೇಸಿಗೆಯಲ್ಲಿ ಅದು ಕಾಯುತ್ತದೆ, ನೆರಳನ್ನೂ ಕೊಡುವುದಿಲ್ಲ. ಕಂಬಕ್ಕೆ ತೆಂಗಿನ ನಾರು ಸುತ್ತಿ, ಮಾರ್ಚ್‌ನಿಂದ ಮೇ ತನಕ ಮೇಲೆ ನೆರಳು ಮಾಡಿ, ಆಗಾಗ ನೀರು ಚಿಮುಕಿಸುವ ವ್ಯವಧಾನ ಇದ್ದವರಿಗೆ ಮಾತ್ರ ಅದು ಸರಿ.

ಉತ್ತರಕ್ಕೇ ಏಕೆ ನೆಡಬೇಕು?

ಬಳ್ಳಿಯನ್ನು ಆಸರೆ ಮರದ ಉತ್ತರ ಭಾಗದಲ್ಲಿ, ಬುಡದಿಂದ ಒಂದು ಅಡಿ ಬಿಟ್ಟು ನೆಡಬೇಕು ಎನ್ನುತ್ತಾರೆ. ಇದು ಬರೀ ವಾಡಿಕೆಯಲ್ಲ, ಸೂರ್ಯನ ಲೆಕ್ಕ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಆಗಸ್ಟ್ ನಡುವಿನಿಂದ ಏಪ್ರಿಲ್ ಕೊನೆಯ ತನಕ ನಡುಹಗಲಿನ ಸೂರ್ಯ ತಲೆಯ ಮೇಲಿನಿಂದ ದಕ್ಷಿಣಕ್ಕೆ ವಾಲಿರುತ್ತಾನೆ. ಅಂದರೆ ಮಣ್ಣು ಒಣಗುವ ತಿಂಗಳುಗಳಲ್ಲಿ ಬಿಸಿಲು ಬೀಳುವುದು ಕಾಂಡದ ದಕ್ಷಿಣ ಮಗ್ಗುಲಿಗೆ, ಉತ್ತರದ ಮಗ್ಗುಲು ಮರದ ನೆರಳಿನಲ್ಲೇ ಇರುತ್ತದೆ. ಎಳೆಯ ಬಳ್ಳಿಗೆ ಅಷ್ಟು ನೆರಳೇ ಜೀವ ಉಳಿಸುವ ಆಸರೆ. ಮೊದಲ ಎರಡು ಬೇಸಿಗೆ ಅಡಿಕೆ ಸೋಗೆಯನ್ನು ಓರೆಯಾಗಿ ಒರಗಿಸಿ ಇನ್ನಷ್ಟು ನೆರಳು ಕೊಡಬಹುದು.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ ಇದ್ದರೆ ಸಾಕು. ಮೇಲ್ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ನೆಲಮಟ್ಟಕ್ಕಿಂತ ತುಸು ಎತ್ತರಕ್ಕೇ ತುಂಬಬೇಕು. ಮಣ್ಣು ಇಳಿದ ಮೇಲೆ ಗುಂಡಿ ಬಟ್ಟಲಿನಂತೆ ತಗ್ಗಾದರೆ ಅಲ್ಲಿ ನೀರು ನಿಲ್ಲುತ್ತದೆ. ನೀರು ನಿಂತರೆ ಏನಾಗುತ್ತದೆ ಎನ್ನುವುದೇ ಮುಂದಿನ ಕಥೆ.

ಸೊರಗು ರೋಗ: ನೀರಿನಲ್ಲಿ ಈಜಿ ಬರುವ ಶತ್ರು

ಬಳ್ಳಿಯನ್ನು ಎರಡು ಮೂರು ವಾರದೊಳಗೆ ಒಣಗಿಸಿಬಿಡುವ ರೋಗಕ್ಕೆ ಶೀಘ್ರ ಸೊರಗು ರೋಗ ಎಂದು ಹೆಸರು. ಇದಕ್ಕೆ ಕಾರಣ ಫೈಟಾಫ್ತೊರಾ ಕ್ಯಾಪ್ಸಿಸಿ ಎಂಬ ಸೂಕ್ಷ್ಮಜೀವಿ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಇನ್ನೊಂದು ಜೀವಿ. ಆದ್ದರಿಂದ ಕೊಳೆರೋಗದ ಬಗ್ಗೆ ಮಲೆನಾಡಿನವರಿಗೆ ತಿಳಿದಿರುವ ಅರ್ಧ ವಿಷಯ ಇಲ್ಲಿಗೂ ಹೊಂದುತ್ತದೆ: ಬಿಡದೆ ಸುರಿಯುವ ಮಳೆ, ತಂಪು ಹವೆ, ಒಣಗದ ಎಲೆ. ಇವು ಕೂಡಿದರೆ ರೋಗಕ್ಕೆ ಹಬ್ಬ.

ಇದನ್ನು ಸಾಮಾನ್ಯವಾಗಿ ಶಿಲೀಂಧ್ರ ಎಂದೇ ಕರೆಯುತ್ತಾರೆ. ನಿಜದಲ್ಲಿ ಇದು ಶಿಲೀಂಧ್ರವನ್ನು ಹೋಲುವ, ನೀರಿನ ಪಾಚಿಗಳಿಗೆ ಹತ್ತಿರದ ಬೇರೊಂದು ಗುಂಪಿನದು. ಈ ವ್ಯತ್ಯಾಸ ಪುಸ್ತಕಕ್ಕಷ್ಟೇ ಸೀಮಿತವಲ್ಲ. ಇದರ ಬೀಜಾಣುಗಳಿಗೆ ಬಾಲದಂಥ ಎಳೆಗಳಿವೆ, ಅವು ನೀರಿನಲ್ಲಿ ಈಜಬಲ್ಲವು. ಮಣ್ಣಿನ ಕಣಗಳ ನಡುವೆ ನಿಂತ ತೆಳುವಾದ ನೀರಿನ ಪದರವೂ ಅವಕ್ಕೆ ಸಾಕು. ಈಜುತ್ತ ಎಳೆಯ ಬೇರಿನ ತುದಿಯನ್ನು ತಲುಪಿ, ಅದಕ್ಕೆ ಅಂಟಿ, ಒಳಹೊಗುತ್ತವೆ. ಮಣ್ಣು ಬಸಿದು ಒಣಗಿದಾಗ ಈ ಓಡಾಟ ನಿಂತುಹೋಗುತ್ತದೆ. ರೋಗಾಣು ಮಾತ್ರ ಸಾಯುವುದಿಲ್ಲ. ಕೊಳೆತ ಬೇರು, ಉದುರಿದ ಎಲೆ, ಮಣ್ಣಿನಲ್ಲಿ ಉಳಿದು ಮುಂದಿನ ಮಳೆಗಾಲಕ್ಕೆ ಕಾಯುತ್ತದೆ.

ಬಳ್ಳಿಗೆ ಇದು ಎರಡು ದಾರಿಯಿಂದ ಹತ್ತುತ್ತದೆ. ಒಂದು ಮೇಲೆ ಹೇಳಿದ ಬೇರಿನ ದಾರಿ. ಇನ್ನೊಂದು ಎಲೆಯ ದಾರಿ. ಮಳೆಹನಿ ಬರಿ ನೆಲಕ್ಕೆ ಬಡಿದಾಗ ಸಿಡಿಯುವ ಕೆಸರಿನ ಜೊತೆ ಬೀಜಾಣು ನೆಲಕ್ಕೆ ಹತ್ತಿರದ ಎಲೆಗೆ ಹಾರುತ್ತದೆ. ಆ ಎಲೆಯಲ್ಲಿ ಕಪ್ಪು ಮಚ್ಚೆ ಏಳುತ್ತದೆ. ಬೆಳೆಯುತ್ತಿರುವ ಮಚ್ಚೆಯ ಅಂಚು ನಯವಾಗಿರದೆ ಸಣ್ಣ ಎಳೆ ಎಳೆಯಾಗಿ ಹರಡಿರುತ್ತದೆ. ಮುಂಜಾನೆ ಎಲೆ ತಿರುಗಿಸಿ ನೋಡಿದರೆ ಕಾಣುತ್ತದೆ. ಮುಂದೆ ಎಲೆಯಿಂದ ತೊಟ್ಟಿಗೆ, ಅಲ್ಲಿಂದ ಕಾಂಡಕ್ಕೆ, ಮಳೆಹನಿಯ ಜೊತೆ ಎಲೆಯಿಂದ ಎಲೆಗೆ ಹಬ್ಬುತ್ತದೆ.

ಎಲೆಗೋ ಪಕ್ಕದ ರೆಂಬೆಗೋ ಬಂದ ರೋಗದಿಂದ ಬಳ್ಳಿ ಚೇತರಿಸಿಕೊಳ್ಳಬಹುದು. ಮಣ್ಣಿಗೆ ತಾಗಿದ ಬುಡಕ್ಕೆ ಬಂದರೆ ಕಷ್ಟ. ಮನೆಯ ಮೇಲಿನ ಟ್ಯಾಂಕಿಗೆ ನೀರೇರಿಸುವ ಪೈಪು ನೆಲಮಟ್ಟದಲ್ಲಿ ಒಡೆದರೆ ಎಲ್ಲ ನಲ್ಲಿಗಳೂ ಒಟ್ಟಿಗೇ ಬತ್ತುತ್ತವಲ್ಲ, ಬಳ್ಳಿಯ ಗತಿಯೂ ಹಾಗೆಯೇ. ಬುಡದ ತೊಗಟೆ ಕಪ್ಪಾಗಿ ಕೊಳೆತಾಗ ಮೇಲಿನ ಎಲೆಗಳೆಲ್ಲ ಒಮ್ಮೆಗೇ ಬಾಡುತ್ತವೆ, ಕರೆಗಳು ಉದುರುತ್ತವೆ, ಗಿಣ್ಣುಗಳು ಕಳಚಿಕೊಳ್ಳುತ್ತವೆ. ಮೇಲೆ ಬಾಡಿದ್ದು ಕಾಣುವ ವೇಳೆಗೆ ಕೆಳಗಿನ ಕೊಳೆತ ಮುಗಿದಿರುತ್ತದೆ. ಅದಾದ ಮೇಲೆ ಹೊಡೆಯುವ ಔಷಧಿ ಆ ಬಳ್ಳಿಗೆ ಹೆಚ್ಚಿನ ಸಂದರ್ಭಗಳಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ರೋಹಿಣಿ ಮಳೆಗೆ ಮೊದಲು ಬುಡದಲ್ಲಿ ಮಾಡುವ ಕೆಲಸ

ಶತ್ರು ಬರುವುದು ನೀರಿನಿಂದ ಎಂದಾದ ಮೇಲೆ ಮೊದಲ ರಕ್ಷಣೆ ಔಷಧಿಯಲ್ಲ, ನೀರಿನ ದಾರಿ ತಪ್ಪಿಸುವುದು. ಹಿತ್ತಲಿನಲ್ಲಿ ಇದು ತೋಟಕ್ಕಿಂತ ಹೆಚ್ಚು ಮುಖ್ಯ. ಮನೆಯ ಸೂರಿನ ನೀರು ಧಾರೆಯಾಗಿ ಬೀಳುವ ಜಾಗ, ಬಚ್ಚಲ ನೀರು ಹರಿಯುವ ಜಾಗ, ಪಾತ್ರೆ ತೊಳೆಯುವ ಕಟ್ಟೆಯ ಹಿಂದಿನ ತಗ್ಗು — ಮೆಣಸಿನ ಬಳ್ಳಿ ಇಂಥಲ್ಲೇ ಇರುತ್ತದೆ, ಬೇಸಿಗೆಯಲ್ಲಿ ನೀರು ತಾನಾಗಿ ಸಿಗುತ್ತದೆ ಎಂಬ ಕಾರಣಕ್ಕೆ. ಬೇಸಿಗೆಯ ಅನುಕೂಲವೇ ಮಳೆಗಾಲದಲ್ಲಿ ಮುಳುವಾಗುತ್ತದೆ. ಸೂರಿನ ನೀರು ಬೀಳದಷ್ಟು ದೂರಕ್ಕೆ ನೆಡಿ; ಈಗಾಗಲೇ ನೆಟ್ಟಿದ್ದರೆ ಮಳೆಗೆ ಮೊದಲು ಒಂದು ದಂಬೆ ಕಟ್ಟಿ ಅಥವಾ ಬಸಿಗಾಲುವೆ ತೋಡಿ ನೀರನ್ನು ಬೇರೆಡೆಗೆ ತಿರುಗಿಸಿ.

ಬೇಸಿಗೆಯಲ್ಲಿ ನೀರುಣಿಸಲು ಮಾಡಿದ ಪಾತಿಯನ್ನು ಮೇ ಕೊನೆಗೆ ತಪ್ಪದೆ ಮುಚ್ಚಬೇಕು. ಹೊರಗಿನಿಂದ ಒಳ್ಳೆಯ ಮಣ್ಣು ತಂದು ಬುಡಕ್ಕೆ ಏರಿಸಿ, ನೀರು ಹೊರಗೆ ಜಾರುವಂತೆ ಇಳಿಜಾರು ಕೊಡಬೇಕು. ಬಹಳ ಮನೆಗಳಲ್ಲಿ ಮರೆತುಹೋಗುವ ಕೆಲಸ ಇದು. ಪಾತಿ ಹಾಗೆಯೇ ಉಳಿದರೆ ಆರಿದ್ರಾ ಮಳೆಯಲ್ಲಿ ಬಳ್ಳಿಯ ಬುಡ ದಿನಗಟ್ಟಲೆ ಕೊಳದಲ್ಲಿ ನಿಂತಂತೆಯೇ ಸರಿ.

ಬುಡದಿಂದ ಹರಿದ ಹಬ್ಬು ಬಳ್ಳಿಗಳನ್ನು ಮಳೆಗೆ ಮೊದಲೇ ಎತ್ತಿ ಮರಕ್ಕೆ ಕಟ್ಟಿ, ಬೇಡವಾದರೆ ಕತ್ತರಿಸಿ. ಕೆಸರು ಸಿಡಿದು ರೋಗ ಮೊದಲು ಹತ್ತುವುದು ಅವುಗಳ ಎಲೆಗೆ. ಜೋತುಬಿದ್ದು ನೆಲ ಮುಟ್ಟುವ ರೆಂಬೆಗಳನ್ನೂ ತೆಗೆಯಿರಿ. ಬರಿ ನೆಲದ ಮೇಲೆ ದರಕು ಹಾಸಿದರೆ ಕೆಸರು ಸಿಡಿಯುವುದಿಲ್ಲ. ಆದರೆ ಬಳ್ಳಿಯ ಕಾಂಡಕ್ಕೆ ಅದು ತಾಗದಂತೆ ಒಂದು ಗೇಣು ಜಾಗ ಬಿಡಬೇಕು. ಕಳೆಯನ್ನು ಕತ್ತಿಯಿಂದ ಸವರಿದರೆ ಸಾಕು, ಗುದ್ದಲಿ ಬೇಡ. ಮೆಣಸಿನ ಆಹಾರ ಹೀರುವ ಬೇರುಗಳೆಲ್ಲ ಮೇಲ್ಮಣ್ಣಿನಲ್ಲಿವೆ, ಗುದ್ದಲಿ ತಾಗಿ ಆದ ಪ್ರತಿ ಗಾಯವೂ ರೋಗಕ್ಕೆ ತೆರೆದ ಬಾಗಿಲು. ಕೋಳಿ ಸಾಕಿದವರು ಬುಡದ ಸುತ್ತ ಮುಳ್ಳೋ ಬಲೆಯೋ ಇಡಬೇಕು. ದರಕು ಕಂಡರೆ ಅವು ಬೇರು ಕಾಣುವ ತನಕ ಕೆದರುತ್ತವೆ.

ಆಸರೆ ಮರದ ಕೊಂಬೆ ಸವರುವುದೂ ಇದೇ ಸಮಯದ ಕೆಲಸ. ಬೆಳಕು, ಗಾಳಿ ಒಳಗೆ ಹಾಯ್ದರೆ ಮಳೆ ಬಿಟ್ಟ ಎರಡು ಗಳಿಗೆಗೆ ಎಲೆ ಒಣಗುತ್ತದೆ, ಒಣ ಎಲೆಯ ಮೇಲೆ ಬೀಜಾಣು ಮೊಳೆಯದು. ಹೊಸ ರೆಂಬೆಗಳಲ್ಲಿ ಕರೆ ಬರುವುದೂ ಮುಂಗಾರಿನ ಮೊದಲ ಮಳೆಗಳ ನಂತರವೇ ಆದ್ದರಿಂದ ಬೆಳಕು ಫಸಲಿಗೂ ಬೇಕು. ಪೂರ್ತಿ ಬೋಳಿಸಬಾರದು. ಮರಕ್ಕೆ ಮುಂದಿನ ಮಾರ್ಚ್ ಹೊತ್ತಿಗೆ ಮತ್ತೆ ನೆರಳು ಕೊಡುವಷ್ಟು ಕೊಂಬೆ ಉಳಿದಿರಲಿ.

ಬೋರ್ಡೋ ದ್ರಾವಣ ಹೇಗೆ ಕೆಲಸ ಮಾಡುತ್ತದೆ?

ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಊರಿನಲ್ಲಿ ಬೋರ್ಡೋ ದ್ರಾವಣದ ಪರಿಚಯ ಹೇಳಬೇಕಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 19ನೇ ಶತಮಾನದ ಕೊನೆಗೆ ಬಳಕೆಗೆ ಬಂದ ಇದನ್ನು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಳಸಲು ಶಿಫಾರಸು ಮಾಡಿದರು. ಆದರೆ ಅದರೊಳಗೆ ಏನು ನಡೆಯುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಔಷಧಿ ಇದು. ಮೈಲುತುತ್ತದಲ್ಲಿರುವ ತಾಮ್ರ ಬೀಜಾಣುವನ್ನು ಕೊಲ್ಲುತ್ತದೆ. ಬರೀ ಮೈಲುತುತ್ತದ ನೀರು ಹುಳಿ ಗುಣದ್ದು, ಎಲೆಯನ್ನೂ ಸುಡುತ್ತದೆ. ಸುಣ್ಣ ಆ ಹುಳಿಯನ್ನು ಕಳೆದು, ತಾಮ್ರವನ್ನು ಎಲೆಗೆ ಅಂಟುವ, ಮಳೆಗೆ ಬೇಗ ತೊಳೆದುಹೋಗದ ರೂಪಕ್ಕೆ ತರುತ್ತದೆ.

ಮನೆಯ ಮಟ್ಟಿಗೆ ಶೇ 1ರ ದ್ರಾವಣಕ್ಕೆ ಲೆಕ್ಕ ಇಷ್ಟು: 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಒಳ್ಳೆಯ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ, ಸೋಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕೋಲಿನಿಂದ ಕಲಕುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಆದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಲೇಪ ಬರದಿರುವ ತನಕ ಸ್ವಲ್ಪ ಸ್ವಲ್ಪವೇ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಬಳಸಿ ಮುಗಿಸಬೇಕು. ಕೈಗೆ ಗವಸು, ಬಾಯಿ ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ.

ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಬೋರ್ಡೋ ಎಲೆಯ ಮೇಲೆ ಹೊದಿಕೆಯಾಗಿ ನಿಲ್ಲುತ್ತದೆಯೇ ಹೊರತು ಗಿಡದೊಳಗೆ ಇಳಿಯುವುದಿಲ್ಲ. ಒಳಹೊಕ್ಕ ರೋಗವನ್ನು ಅದು ಮುಟ್ಟದು. ಆದ್ದರಿಂದಲೇ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಮೇ ಕೊನೆ ಅಥವಾ ಜೂನ್ ಮೊದಲ ವಾರದಲ್ಲಿ ಆಗಬೇಕು. ಎರಡನೆಯದು ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಾಗ. ಎಲೆಯ ಎರಡೂ ಬದಿ, ಕಾಂಡ, ಬುಡ ಎಲ್ಲ ತೊಯ್ಯಬೇಕು. ಇದರ ಜೊತೆಗೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಕಲಸಿ, ದೊಡ್ಡ ಬಳ್ಳಿಯೊಂದಕ್ಕೆ 5ರಿಂದ 10 ಲೀಟರ್ ಬುಡಕ್ಕೆ ಸುರಿಯುವುದು ರೂಢಿ. ಗಿಡದೊಳಗೆ ಹರಿದು ಕೆಲಸ ಮಾಡುವ ಔಷಧಿಗಳು ಬೇರೆ ಇವೆ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿ, ಪೊಟ್ಯಾಸಿಯಂ ಫಾಸ್ಫೊನೇಟ್ ಅಂಥವು. ರೋಗ ಕಾಣಿಸಿದ ಬಳ್ಳಿಯ ಸುತ್ತಲಿನ ಬಳ್ಳಿಗಳನ್ನು ಉಳಿಸಲು ಅವು ನೆರವಾಗುತ್ತವೆ. ಪ್ರಮಾಣವನ್ನು ತೋಟಗಾರಿಕೆ ಇಲಾಖೆಯವರಲ್ಲಿ ಕೇಳಿಯೇ ಬಳಸಿ.

ಟ್ರೈಕೊಡರ್ಮಾ ಎಂಬ ಸಹಾಯಕ

ಟ್ರೈಕೊಡರ್ಮಾ ಮಣ್ಣಿನಲ್ಲಿ ಬದುಕುವ ಉಪಕಾರಿ ಶಿಲೀಂಧ್ರ. ರೋಗಾಣುವಿನ ಜಾಗ, ಆಹಾರ ಎರಡನ್ನೂ ಕಸಿದು ಅದನ್ನು ಹತ್ತಿಕ್ಕುತ್ತದೆ. ಪುಡಿಯನ್ನು ನೇರವಾಗಿ ಬುಡಕ್ಕೆ ಉದುರಿಸುವುದಕ್ಕಿಂತ ಗೊಬ್ಬರದಲ್ಲಿ ಬೆಳೆಸಿ ಕೊಡುವುದು ಲೇಸು. ಹಿತ್ತಲಿನ ನಾಲ್ಕೈದು ಬಳ್ಳಿಗೆ 9 ಕಿಲೋ ಹಳೆಯ ಕೊಟ್ಟಿಗೆ ಗೊಬ್ಬರ, 1 ಕಿಲೋ ಬೇವಿನ ಹಿಂಡಿ, 100 ಗ್ರಾಂ ಟ್ರೈಕೊಡರ್ಮಾ ಕಲಸಿ, ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಎರಡು ವಾರ ಇಟ್ಟರೆ ಅದು ಗೊಬ್ಬರದ ತುಂಬ ಹರಡಿಕೊಳ್ಳುತ್ತದೆ. ಬಳ್ಳಿಗೆ ಒಂದೆರಡು ಕಿಲೋದಂತೆ ಹಾಕಿ ದರಕು ಮುಚ್ಚಿದರಾಯಿತು. ಆದರೆ ತಾಮ್ರದ ಔಷಧಿ ಇದನ್ನೂ ಕೊಲ್ಲುತ್ತದೆ. ಬುಡಕ್ಕೆ ತಾಮ್ರ ಸುರಿದ ಮೇಲೆ ಎರಡು ಮೂರು ವಾರ ಅಂತರ ಕೊಡದಿದ್ದರೆ ಹಾಕಿದ್ದು ವ್ಯರ್ಥ. ನಮ್ಮ ಮಣ್ಣು ಹುಳಿ ಗುಣದ್ದಾದ್ದರಿಂದ ಒಂದು ವರ್ಷ ಬಿಟ್ಟು ಒಂದು ವರ್ಷ ಏಪ್ರಿಲ್–ಮೇನಲ್ಲಿ ಬಳ್ಳಿಗೆ ಅರ್ಧ ಕಿಲೋ ಸುಣ್ಣ ಕೊಡುವುದೂ ಒಳ್ಳೆಯದು.

ನಿಧಾನವಾಗಿ ಹಳದಿಯಾದರೆ?

ಎಲ್ಲ ಸೊರಗೂ ಒಂದೇ ಅಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಎಲೆ ಹಳದಿಯಾಗಿ, ಬೇಸಿಗೆಯಲ್ಲಿ ಉದುರಿ, ಮುಂದಿನ ಮಳೆಗೆ ಮತ್ತೆ ಚಿಗುರಿ, ವರ್ಷದಿಂದ ವರ್ಷಕ್ಕೆ ಬಡವಾಗುವ ಬಳ್ಳಿಗೆ ಇರುವುದು ನಿಧಾನ ಸೊರಗು ರೋಗ. ಕಣ್ಣಿಗೆ ಕಾಣದ ಜಂತುಹುಳುಗಳು ಬೇರು ಕೊರೆದು ನೀರು ಗೊಬ್ಬರದ ದಾರಿ ಕೆಡಿಸುವುದು ಇದರ ಮುಖ್ಯ ಕಾರಣ. ಹುಳು ಮಾಡಿದ ಗಾಯದಿಂದ ಫೈಟಾಫ್ತೊರಾ ಕೂಡ ಒಳಸೇರುತ್ತದೆ. ಒಂದು ಬೇರನ್ನು ಮೆಲ್ಲಗೆ ತೆಗೆದು ನೋಡಿ: ಸಣ್ಣ ಗಂಟುಗಳಿದ್ದರೆ ಅನುಮಾನ ಬೇಡ. ಈ ಹುಳು ಹಿತ್ತಲಿಗೆ ಬರುವ ಒಂದು ದಾರಿ ನರ್ಸರಿಯ ಸಸಿ ಚೀಲದ ಮಣ್ಣು. ಆದ್ದರಿಂದ ಸಸಿ ಕೊಳ್ಳುವಾಗ ಎಲೆಯ ಹಸಿರನ್ನಷ್ಟೇ ನೋಡದೆ ಒಂದು ಚೀಲ ಬಿಚ್ಚಿಸಿ ಬೇರು ನೋಡುವುದರಲ್ಲಿ ಸಂಕೋಚ ಬೇಡ. ಬೇವಿನ ಹಿಂಡಿ, ಸಾವಯವ ಗೊಬ್ಬರ ಹುಳುವಿನ ಹಾವಳಿಯನ್ನು ತಗ್ಗಿಸುತ್ತವೆ.

ಬಳ್ಳಿ ಸತ್ತ ಜಾಗದಲ್ಲಿ

ಶೀಘ್ರ ಸೊರಗಿಗೆ ಬಲಿಯಾದ ಬಳ್ಳಿಯನ್ನು ಬೇರು ಸಹಿತ ಕಿತ್ತು ಸುಡಬೇಕು, ಗೊಬ್ಬರ ಗುಂಡಿಗೆ ಎಸೆಯಬಾರದು. ಅಲ್ಲಿ ಬಳಸಿದ ಗುದ್ದಲಿ, ಕತ್ತಿ ತೊಳೆಯದೆ ಇನ್ನೊಂದು ಬಳ್ಳಿಯ ಬುಡಕ್ಕೆ ಹೋಗಬಾರದು. ಅದೇ ಗುಂಡಿಗೆ ಅದೇ ವರ್ಷ ಮತ್ತೆ ಮಾಮೂಲಿ ಸಸಿ ನೆಟ್ಟರೆ ಅದೂ ಅದೇ ದಾರಿ ಹಿಡಿಯುತ್ತದೆ. ಮತ್ತೆ ನೆಡುವಾಗ ರೋಗವನ್ನು ತಕ್ಕಮಟ್ಟಿಗೆ ತಡೆಯುವ ತಳಿ ಆರಿಸಿಕೊಳ್ಳಬಹುದು. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ಅಂಥವು.

ಹಿಪ್ಪಲಿ ಕಸಿಯ ಸಸಿ ಇನ್ನೊಂದು ದಾರಿ. ದಕ್ಷಿಣ ಅಮೆರಿಕ ಮೂಲದ, ಮೆಣಸಿನ ಕುಲದ್ದೇ ಆದ ಕಾಡು ಹಿಪ್ಪಲಿಯ ಬೇರಿನ ಮೇಲೆ ನಮ್ಮ ಮೆಣಸನ್ನು ಕಸಿ ಮಾಡಿರುತ್ತಾರೆ. ಆ ಬೇರು ನಿಂತ ನೀರಿಗೂ ಸೊರಗು ರೋಗಕ್ಕೂ ಜಂತುಹುಳುವಿಗೂ ಜಗ್ಗದು. ಆದರೆ ಬೇಸಿಗೆಯಲ್ಲಿ ಅದಕ್ಕೆ ನೀರು ತಪ್ಪಬಾರದು, ಮತ್ತು ಕಸಿ ಗಂಟಿನ ಮೇಲಿಂದ ಇಳಿದ ಮೆಣಸಿನ ಬೇರು ಮಣ್ಣು ಸೇರಿದರೆ ಕಸಿ ಮಾಡಿದ ಉದ್ದೇಶವೇ ಕೆಡುತ್ತದೆ. ಆದ್ದರಿಂದ ಗಂಟು ಸದಾ ನೆಲಕ್ಕಿಂತ ಮೇಲಿರಬೇಕು. ಬುಡಕ್ಕೆ ಮಣ್ಣು ಏರಿಸುವಾಗ ಇದು ನೆನಪಿರಲಿ.

ಮರವೂ ಇಲ್ಲ, ನೆಲವೂ ಇಲ್ಲ ಎನ್ನುವ ಶಿವಮೊಗ್ಗ ಪೇಟೆಯ ಮನೆಗಳಿಗೆ ಪೊದೆ ಮೆಣಸು ಇದೆ. ಏರು ಬಳ್ಳಿಯ ಬದಲು ಫಸಲಿನ ರೆಂಬೆಯನ್ನೇ ಬೇರೂರಿಸಿದರೆ ಅದು ಮೇಲೇರುವುದಿಲ್ಲ, ಕುಂಡದಲ್ಲಿ ಪೊದೆಯಾಗಿ ಬೆಳೆದು ಬೇಗನೆ ಕಾಳು ಬಿಡುತ್ತದೆ. ಆಸರೆಯ ಗೋಜಿಲ್ಲ. ಕುಂಡದ ತಳದಲ್ಲಿ ನೀರು ಬಸಿಯುವ ತೂತುಗಳಿರಬೇಕು, ಅಡಿಯಲ್ಲಿ ತಟ್ಟೆ ಇಟ್ಟಿದ್ದರೆ ಮಳೆಗಾಲದಲ್ಲಿ ಅದನ್ನು ತೆಗೆದುಬಿಡಬೇಕು.